ಹಿನ್ನೆಲೆಗೆ ಸರಿದ ಪಿಟೀಲು

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹಾದಿಯಲ್ಲಿ ಅರಸಾಳು ಎಂಬ ಪುಟ್ಟ ನಿಲ್ದಾಣವಿದೆ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿ ತೆಗೆದಾಗ ಈ ನಿಲ್ದಾಣವೇ ಕೆಲಕಾಲ ಮಾಲ್ಗುಡಿಯ ರೈಲು ನಿಲ್ದಾಣವಾಗಿತ್ತು. ಆ ನೆನಪಿಗೆಂದೇ ಇಲ್ಲಿನ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಮಾಡಿದರು. ಧಾರಾವಾಹಿ ನೋಡಿ ಬೆಳೆದವರು ಇಂಥ ಜಾಗದಲ್ಲಿ ನಿಂತರೆ ಏನು ಮಾಡುತ್ತಾರೆ? ಸುತ್ತ ಕಣ್ಣಾಡಿಸುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ತಮಗೇ ಗೊತ್ತಿಲ್ಲದಂತೆ ಒಂದು ರಾಗ ಗುನುಗುತ್ತಾರೆ. ಮಾತಿಲ್ಲ, ಸಾಹಿತ್ಯವಿಲ್ಲ. ಬರೀ 'ತಾನನ'.

ಈಗ ಅವರಿಗೆ ನಾಲ್ಕು ಪ್ರಶ್ನೆ ಕೇಳಿ. ಮಾಲ್ಗುಡಿ ಕಥೆಗಳನ್ನು ಬರೆದವರು ಯಾರು? ಆರ್.ಕೆ. ನಾರಾಯಣ್. ತೆರೆಗೆ ತಂದವರು? ನಮ್ಮ ಶಂಕರ್‌ನಾಗ್. ಶೀರ್ಷಿಕೆಯ ಚಿತ್ರಗಳನ್ನು ಬರೆದವರು? ಆರ್.ಕೆ. ಲಕ್ಷ್ಮಣ್. ಸ್ವಾಮಿಯ ಪಾತ್ರ ಮಾಡಿದ ಹುಡುಗ? ಮಾಸ್ಟರ್ ಮಂಜುನಾಥ್. ಇಷ್ಟಕ್ಕೂ ಥಟ್ಟನೆ ಉತ್ತರ ಬರುತ್ತದೆ. ಐದನೆಯದಾಗಿ, ನೀವು ಈಗಷ್ಟೇ ಗುನುಗಿದ ಆ ರಾಗ ಯಾರದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ತಲೆ ಕೆರೆದುಕೊಳ್ಳುತ್ತಾರೆ.

ಅದು ಎಲ್. ವೈದ್ಯನಾಥನ್ ಅವರದು.

ತೆರೆಯ ಮೇಲೆ ಅವರ ಹೆಸರು ಬಂದಿಲ್ಲವೆಂದಲ್ಲ. ಕಂತು ಕಂತಿಗೂ ಬಂದಿದೆ. ಆದರೆ ನಾವು ಆ ಹೊತ್ತಿಗೆ ರಾಗ ಕೇಳುವುದರಲ್ಲಿ ಮುಳುಗಿರುತ್ತಿದ್ದೆವು. ಹಿನ್ನೆಲೆ ಸಂಗೀತಗಾರನ ಹಣೆಬರಹವೇ ಅಷ್ಟು. ಅವನ ಕೆಲಸ ಚೆನ್ನಾಗಿ ಆದಷ್ಟೂ ಅವನು ಕಾಣಿಸುವುದು ಕಡಿಮೆ.

ಪಕ್ಕವಾದ್ಯದ ಮನೆ

ಈ ಮಾತು ವೈದ್ಯನಾಥನ್ ಅವರ ಬದುಕಿಗೆ ಇನ್ನೊಂದು ಬಗೆಯಲ್ಲೂ ಹೊಂದುತ್ತದೆ. ಅದಕ್ಕೆ ಅವರ ಮನೆತನದ ಕಥೆಯಿಂದ ಶುರು ಮಾಡಬೇಕು.

ತಂದೆ ವಿ. ಲಕ್ಷ್ಮೀನಾರಾಯಣ ಅಯ್ಯರ್ ಪಿಟೀಲು ವಿದ್ವಾಂಸರು. ತಾಯಿ ಸೀತಾಲಕ್ಷ್ಮಿ ಕೂಡ ಸಂಗೀತ ಬಲ್ಲವರು. ಕರ್ನಾಟಕ ಸಂಗೀತದ ವೇದಿಕೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ನಡುವೆ ಗಾಯಕರು, ಒಂದು ಪಕ್ಕದಲ್ಲಿ ಮೃದಂಗ, ಇನ್ನೊಂದು ಪಕ್ಕದಲ್ಲಿ ಪಿಟೀಲು. ಗಾಯಕರು ಹಾಡಿದ್ದನ್ನು ನೆರಳಿನಂತೆ ಹಿಂಬಾಲಿಸುವುದು, ಅವರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಎಳೆ ಕಡಿಯದಂತೆ ಹಿಡಿದಿಡುವುದು, ಅವರು ಬಿಟ್ಟುಕೊಟ್ಟಾಗ ಮಾತ್ರ ಎರಡು ಆವರ್ತ ತನ್ನದೆಂದು ನುಡಿಸುವುದು ಪಿಟೀಲಿನ ಪಾಲಿಗೆ ಬಂದ ಕೆಲಸ. ಲಕ್ಷ್ಮೀನಾರಾಯಣ ಅಯ್ಯರ್ ಅವರಿಗೆ ಇದು ಸಾಕೆನಿಸಲಿಲ್ಲ. ಪಿಟೀಲು ಪಕ್ಕದಿಂದ ಎದ್ದು ನಡುವೆ ಕೂರಬೇಕು, ಇಡೀ ಕಛೇರಿಯನ್ನು ಒಂಟಿಯಾಗಿ ನಡೆಸಬೇಕು ಎಂಬುದು ಅವರ ಕನಸು. ಆ ಕನಸಿಗೆಂದೇ ಮಕ್ಕಳನ್ನು ತಯಾರು ಮಾಡಿದರು.

ಅವರು ಸಿಂಹಳದ ಜಾಫ್ನಾದಲ್ಲಿ ಸಂಗೀತದ ಅಧ್ಯಾಪಕರಾಗಿದ್ದರು. ಮಕ್ಕಳ ಬಾಲ್ಯದ ಪಾಠಗಳೂ ಅಲ್ಲಿಯೇ. 1958ರಲ್ಲಿ ಅಲ್ಲಿ ಜನಾಂಗೀಯ ಗಲಭೆ ಎದ್ದಿತು. ಕುಟುಂಬ ಎಲ್ಲವನ್ನೂ ಬಿಟ್ಟು ಮದ್ರಾಸಿಗೆ ಬರಬೇಕಾಯಿತು. 1942ರ ಏಪ್ರಿಲ್ 9ರಂದು ಹುಟ್ಟಿದ ವೈದ್ಯನಾಥನ್‌ಗೆ ಆಗ ಹದಿನಾರು ವರ್ಷ. ತಮ್ಮ ಸುಬ್ರಹ್ಮಣ್ಯಂ ಇನ್ನೂ ಹನ್ನೊಂದರ ಹುಡುಗ, ಅವನಿಗಿಂತ ಕಿರಿಯ ಶಂಕರ್ ಎಂಟರವನು.

ಮದ್ರಾಸಿನಲ್ಲಿ ಈ ಮೂವರು ಸೋದರರು ಒಂದೇ ವೇದಿಕೆಯಲ್ಲಿ ಕುಳಿತು ಮೂರು ಪಿಟೀಲುಗಳ ಕಛೇರಿ ಕೊಡತೊಡಗಿದರು. ಹಾಡುವವರಿಲ್ಲ. ನಡುವೆ ಕುಳಿತದ್ದೇ ಪಿಟೀಲು. ತಂದೆಯ ಆಸೆ ಕೈಗೂಡುವ ಕಾಲ ಬಂದಂತಿತ್ತು.

ಮುಂದೆ ಮೂವರ ದಾರಿ ಮೂರಾಯಿತು. ಸುಬ್ರಹ್ಮಣ್ಯಂ ಮದ್ರಾಸಿನಲ್ಲಿ ವೈದ್ಯಕೀಯ ಓದಿ ಡಾಕ್ಟರರಾದರು. ಬಳಿಕ ಅಮೆರಿಕಕ್ಕೆ ಹೋಗಿ ಪಾಶ್ಚಾತ್ಯ ಸಂಗೀತ ಕಲಿತರು. ಇಂದು ಅವರನ್ನು ಲೋಕವೇ ಬಲ್ಲದು. ಬೆಂಗಳೂರನ್ನು ಮನೆ ಮಾಡಿಕೊಂಡ ಮೇಲಂತೂ ಅವರು ನಮ್ಮವರೇ. ಕಿರಿಯ ಎಲ್. ಶಂಕರ್ ಎಪ್ಪತ್ತರ ದಶಕದಲ್ಲಿ ಜಾನ್ ಮೆಕ್‌ಲಾಫ್ಲಿನ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಅವರ ಜೊತೆ 'ಶಕ್ತಿ' ತಂಡ ಕಟ್ಟಿ ಪಶ್ಚಿಮದ ವೇದಿಕೆಗಳನ್ನು ಗೆದ್ದರು. ತಂದೆ ಬಯಸಿದಂತೆ ಇಬ್ಬರ ಪಿಟೀಲೂ ನಡುವೇದಿಕೆಯಲ್ಲಿ ಕುಳಿತಿತು.

ಹಿರಿಯ ಮಗ ಹಿಡಿದದ್ದು ಸಿನಿಮಾ ಸ್ಟುಡಿಯೋದ ದಾರಿ. ಪಕ್ಕವಾದ್ಯಕ್ಕಿಂತಲೂ ಹಿಂದಿನ ಸಾಲು ಅದು. ಅಲ್ಲಿ ಸಂಗೀತದ ಹೆಸರೇ ಹಿನ್ನೆಲೆ.

ವೆಂಕಟೇಶರ ಗರಡಿ

ಕನ್ನಡಿಗರಿಗೆ ಜಿ.ಕೆ. ವೆಂಕಟೇಶ್ ಅವರ ಪರಿಚಯ ಹೇಳಬೇಕಿಲ್ಲ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಎಂದರೆ ಸಾಕು. ಕನ್ನಡ ಚಿತ್ರಗಳ ಹಾಡು, ಸಂಗೀತವೆಲ್ಲ ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲೇ ಧ್ವನಿಮುದ್ರಣ ಆಗುತ್ತಿದ್ದ ಕಾಲ ಅದು. ವೈದ್ಯನಾಥನ್ ಈ ವೆಂಕಟೇಶರ ಸಹಾಯಕರಾಗಿ ಸೇರಿದರು. ಮುಂದೆ ತಮಿಳಿನಲ್ಲಿ ಯುಗವನ್ನೇ ಬದಲಿಸಿದ ಇಳಯರಾಜ ಪಳಗಿದ್ದೂ ಇದೇ ಗರಡಿಯಲ್ಲಿ.

ಸಂಗೀತ ನಿರ್ದೇಶಕನ ಸಹಾಯಕನೆಂದರೆ ಬರೀ ಕೈಕೆಲಸದವನಲ್ಲ. ನಿರ್ದೇಶಕರು ಹಾರ್ಮೋನಿಯಂ ಮೇಲೆ ಒಂದು ಧಾಟಿ ಹಿಡಿದರೆ ಅದನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳಬೇಕು. ಪಿಟೀಲಿನವರಿಗೆ, ಕೊಳಲಿನವರಿಗೆ, ಸಿತಾರಿನವರಿಗೆ ಅವರವರ ಪಾಲು ಹಂಚಬೇಕು. ಪಲ್ಲವಿಗೂ ಚರಣಕ್ಕೂ ನಡುವೆ ಬರುವ ವಾದ್ಯದ ತುಣುಕುಗಳನ್ನು ಜೋಡಿಸಬೇಕು. ವಾದ್ಯಗಾರರನ್ನೆಲ್ಲ ಒಟ್ಟಿಗೆ ನುಡಿಸಬೇಕು. ಕಛೇರಿಯ ಪಿಟೀಲುಗಾರ ಒಂದೇ ತಂತಿಯ ಮೇಲೆ ಕಂಡ ಸಂಗೀತ ಇಲ್ಲಿ ಮೂವತ್ತು ನಲವತ್ತು ಕೈಗಳಲ್ಲಿ ಹಂಚಿಹೋಗುತ್ತದೆ.

ಇದರ ಜೊತೆಗೆ ರೀ-ರೆಕಾರ್ಡಿಂಗ್ ಎಂಬ ಇನ್ನೊಂದು ವಿದ್ಯೆ. ಅದನ್ನು ಸ್ವಲ್ಪ ವಿವರಿಸಿದರೆ ವೈದ್ಯನಾಥನ್ ಅವರ ಕಸುಬು ಅರ್ಥವಾದೀತು. ಚಿತ್ರೀಕರಣ, ಸಂಕಲನ, ಮಾತಿನ ಜೋಡಣೆ ಎಲ್ಲ ಮುಗಿದ ಮೇಲೆ ಚಿತ್ರ ರೀಲು ರೀಲಾಗಿ ಸಂಗೀತ ನಿರ್ದೇಶಕರ ಮುಂದೆ ಬರುತ್ತಿತ್ತು. ಸಾವಿರ ಅಡಿಯ ಒಂದು ರೀಲು ಓಡುವುದು ಸುಮಾರು ಹನ್ನೊಂದು ನಿಮಿಷ. ಪರದೆಯ ಮೇಲೆ ಅದನ್ನು ಓಡಿಸಿ ನೋಡಿ, ಎಲ್ಲಿ ಸಂಗೀತ ಬೇಕು, ಎಷ್ಟು ಸೆಕೆಂಡು ಬೇಕು ಎಂದು ಗುರುತು ಹಾಕಿಕೊಳ್ಳಬೇಕು. ಅಷ್ಟಕ್ಕೆ ಸ್ವರ ಬರೆಯಬೇಕು. ಮತ್ತೆ ರೀಲು ಓಡಿಸಿ, ವಾದ್ಯಗಾರರನ್ನು ಕೂರಿಸಿ, ಪರದೆ ನೋಡುತ್ತಲೇ ನುಡಿಸಬೇಕು. ನಾಯಕಿ ಬಾಗಿಲು ತೆರೆಯುವ ಕ್ಷಣಕ್ಕೆ ಸರಿಯಾಗಿ ಕೊಳಲು ನಿಲ್ಲಬೇಕು. ಒಂದು ಸೆಕೆಂಡು ಮುಂದಾದರೂ ಕೆಟ್ಟಿತು, ಹಿಂದಾದರೂ ಕೆಟ್ಟಿತು.

ಇದಕ್ಕಿಂತ ದೊಡ್ಡ ಜಾಣ್ಮೆ ಎಲ್ಲಿ ಸಂಗೀತ ಬೇಡವೆಂದು ತಿಳಿಯುವುದರಲ್ಲಿದೆ. ಪಕ್ಕವಾದ್ಯ ನುಡಿಸುವ ಮನೆಯಲ್ಲಿ ಹುಟ್ಟಿದವರಿಗೆ ಈ ಪಾಠ ಹೊಸದಲ್ಲ. ಗಾಯಕರು ಹಾಡುವಾಗ ಎಷ್ಟು ನುಡಿಸಬೇಕು, ಎಷ್ಟು ಬಿಡಬೇಕು ಎಂಬುದೇ ಅಲ್ಲಿನ ಮೊದಲ ಪಾಠ.

ಕನ್ನಡದ ನಂಟು

ಸ್ವತಂತ್ರವಾಗಿ ಕೆಲಸ ಶುರು ಮಾಡಿದ ದಿನಗಳಲ್ಲೇ ಅವರಿಗೆ ಕನ್ನಡ ಕೈ ಹಿಡಿಯಿತು. 1978ರಲ್ಲಿ ತೆರೆಕಂಡ 'ಅಪರಿಚಿತ' ಕಾಶೀನಾಥ್ ನಿರ್ದೇಶನದ ಚಿತ್ರ. ಸುರೇಶ್ ಹೆಬ್ಳೀಕರ್, ಶೋಭಾ ನಟಿಸಿದ ಈ ರೋಚಕ ಕಥೆಗೆ ಸಂಗೀತ ಕೊಟ್ಟವರು ಮದ್ರಾಸಿನ ಈ ಪಿಟೀಲುಗಾರ. ಇಂಥ ಚಿತ್ರಗಳಲ್ಲಿ ಹಾಡು ಸಾಮಾನ್ಯವಾಗಿ ಅಡ್ಡಿ ಮಾಡುತ್ತದೆ. 'ಅಪರಿಚಿತ'ದಲ್ಲಿ ಆದದ್ದು ಬೇರೆ. ವಾಣಿ ಜಯರಾಂ ಹಾಡಿದ 'ಸವಿ ನೆನಪುಗಳು' ಚಿತ್ರದ ಕಥೆಯನ್ನು ಮರೆತವರ ನಾಲಿಗೆಯ ಮೇಲೂ ಉಳಿಯಿತು. ಆಕಾಶವಾಣಿಯ ಚಿತ್ರಗೀತೆಗಳಲ್ಲಿ ಕೇಳಿ ಕೇಳಿ ಒಂದು ತಲೆಮಾರಿಗೆ ಬಾಯಿಪಾಠವಾಯಿತು. 2023ರಲ್ಲಿ ವಾಣಿ ಜಯರಾಂ ತೀರಿಕೊಂಡಾಗ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಮೊದಲು ನೆನಪಾದದ್ದು ಇದೇ ಹಾಡು. ಅಂದು ಕೂಡ ಅದರ ಸಂಗೀತ ನಿರ್ದೇಶಕರನ್ನು ನೆನೆದವರು ಕಡಿಮೆ.

ಕಾಶೀನಾಥರ 'ಅನುಭವ'ಕ್ಕೂ ಅವರದೇ ಸಂಗೀತ. ತಮಿಳಿನಲ್ಲಿ 1982ರ 'ಏಳಾವದು ಮನಿದನ್' ಅವರ ಹೆಸರು ಬೆಳಗಿಸಿತು. ಅದು ಮಹಾಕವಿ ಸುಬ್ರಹ್ಮಣ್ಯ ಭಾರತಿಯ ಜನ್ಮಶತಾಬ್ದಿಯ ವರ್ಷ. ಹರಿಹರನ್ ನಿರ್ದೇಶನದ ಆ ಚಿತ್ರದ ಹಾಡುಗಳೆಲ್ಲ ಭಾರತಿಯವರ ಕವಿತೆಗಳೇ. ಜನರ ಎದೆಯಲ್ಲಿ ಆಗಲೇ ನೆಲೆಸಿದ ಕವಿತೆಗಳಿಗೆ ಹೊಸ ಧಾಟಿ ಹಾಕುವುದು ಎಷ್ಟು ಕಷ್ಟವೆಂದು ಬೇಂದ್ರೆ, ಕುವೆಂಪು ಅವರ ಪದ್ಯಗಳಿಗೆ ರಾಗ ಹಾಕಿದ ನಮ್ಮವರನ್ನು ಕೇಳಿದರೆ ಗೊತ್ತಾಗುತ್ತದೆ. ಆ ಚಿತ್ರ ರಾಷ್ಟ್ರಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ತಮಿಳು ಚಿತ್ರವೆನಿಸಿತು. ಮುಂದೆ ಕೆ.ಎಸ್. ಸೇತುಮಾಧವನ್ ಅವರ 'ಮರುಪಕ್ಕಂ' ಸ್ವರ್ಣಕಮಲ ಪಡೆದ ಮೊದಲ ತಮಿಳು ಚಿತ್ರವಾಯಿತು. ಅದರ ಸಂಗೀತವೂ ವೈದ್ಯನಾಥನ್ ಅವರದೇ.

ಒಂದು ವಿಷಯ ಗಮನಿಸಿ. ಈ ಪಟ್ಟಿಯಲ್ಲಿ ದೊಡ್ಡ ತಾರೆಯರ ಸಡಗರದ ಚಿತ್ರಗಳು ಕಡಿಮೆ. ಹೊಸದೇನನ್ನೋ ಮಾಡಲು ಹೊರಟ ನಿರ್ದೇಶಕರು, ಸಣ್ಣ ಬಂಡವಾಳ, ಹಾಡಿಗಿಂತ ಕಥೆಯ ಮೇಲೆ ಹೆಚ್ಚು ಭರವಸೆ. ಅಂಥವರೇ ಅವರ ಬಾಗಿಲು ತಟ್ಟುತ್ತಿದ್ದರು.

ಆಗುಂಬೆಯ ಮಾಲ್ಗುಡಿ

ಶಂಕರ್‌ನಾಗ್ ತಟ್ಟಿದ್ದೂ ಅದೇ ಬಾಗಿಲು. ಟಿ.ಎಸ್. ನರಸಿಂಹನ್ ನಿರ್ಮಾಣದಲ್ಲಿ, ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ದೂರದರ್ಶನಕ್ಕೆ ತರುವ ಕೆಲಸ ಅದು. ಆಗುಂಬೆಯೇ ಮಾಲ್ಗುಡಿಯಾಯಿತು. ಗಿರೀಶ ಕಾರ್ನಾಡ್, ಅನಂತನಾಗ್, ವೈಶಾಲಿ ಕಾಸರವಳ್ಳಿ ಮುಂತಾದ ನಮ್ಮ ರಂಗಭೂಮಿಯ ಮಂದಿ ಅಲ್ಲಿ ಸೇರಿದರು. 1986ರಲ್ಲಿ ಪ್ರಸಾರ ಶುರುವಾಯಿತು.

ಆಗ ದೇಶಕ್ಕೆಲ್ಲ ದೂರದರ್ಶನವೊಂದೇ ಗತಿ. ಬೀದಿಗೊಂದು ಟೀವಿ ಇದ್ದರೆ ಅದೇ ಬೀದಿಯ ಪುಣ್ಯ. ಧಾರಾವಾಹಿಯೆಂದರೆ ಮೊದಲಿಗೆ ಶೀರ್ಷಿಕೆ ಗೀತೆ, ಅದೂ ಹಿಂದಿಯಲ್ಲಿ. ಮರುವರ್ಷ ಬಂದ 'ರಾಮಾಯಣ', ಅದರ ಬೆನ್ನಿಗೆ ಬಂದ 'ಮಹಾಭಾರತ' ಎರಡರ ಹಾಡುಗಳೂ ಮನೆಮಾತಾದವು ನಿಜ. ಆದರೆ ದಕ್ಷಿಣದ ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ಆ ಮಾತುಗಳ ಅರ್ಥವಾಗುತ್ತಿತ್ತು? 'ಮಾಲ್ಗುಡಿ ಡೇಸ್'ನ ತೊಡಕು ಇನ್ನೂ ದೊಡ್ಡದು. ಕಥೆ ಬರೆದದ್ದು ಇಂಗ್ಲಿಷಿನಲ್ಲಿ. ಬರೆದವರು ಮೈಸೂರಿನಲ್ಲಿ ನೆಲೆಸಿದ ತಮಿಳರು. ತೆಗೆದದ್ದು ಕನ್ನಡ ನೆಲದಲ್ಲಿ. ಪಾತ್ರಗಳು ಆಡುವುದು ಹಿಂದಿ. ಇಂಥ ಊರಿನ ಹಾಡು ಯಾವ ಭಾಷೆಯಲ್ಲಿರಬೇಕು?

ವೈದ್ಯನಾಥನ್ ಭಾಷೆಯನ್ನೇ ಕೈಬಿಟ್ಟರು. ಮಾತಿಲ್ಲದ ಕಂಠ, 'ತಾನನ' ಎನ್ನುವ ಅಕ್ಷರಗಳು, ಶಾಲೆ ಬಿಟ್ಟ ಹುಡುಗ ದಾರಿಯುದ್ದಕ್ಕೂ ಕಲ್ಲು ಒದೆಯುತ್ತ ಹೋಗುವಂಥ ನಡೆ. ಇದರ ಬೇರು ಎಲ್ಲಿದೆಯೆಂದು ಕಛೇರಿ ಕೇಳುವ ಅಭ್ಯಾಸವಿದ್ದವರಿಗೆ ಹೇಳಬೇಕಿಲ್ಲ. ರಾಗ-ತಾನ-ಪಲ್ಲವಿಯಲ್ಲಿ ತಾನದ ಭಾಗ ಬಂದಾಗ ಗಾಯಕರು ಸಾಹಿತ್ಯವನ್ನು ಬದಿಗಿಟ್ಟು 'ತಾ', 'ನಂ' ಎಂಬ ಅಕ್ಷರಗಳ ಮೇಲೇ ರಾಗವನ್ನು ಕುಣಿಸುತ್ತಾರೆ. ನಮ್ಮ ಜನಪದರು ಹಾಡಿನ ನಡುವೆ ಎಳೆಯುವ 'ತಂದಾನ'ವೂ ಇದರ ಬಳಗವೇ. ವಿದ್ವತ್ ಸಭೆಯ ಅಕ್ಷರ ಹುಡುಗನ ಬಾಯಿಗೆ ಬಂದು ಕುಳಿತಾಗ ಮಾಲ್ಗುಡಿಗೆ ಒಂದು ನಾಡಗೀತೆ ಸಿಕ್ಕಿತು.

ಅದರ ಫಲವನ್ನು ಇಂದಿಗೂ ಕಾಣುತ್ತಿದ್ದೇವೆ. ಲಖನೌದವರೂ ಅದನ್ನು ತಮ್ಮ ಬಾಲ್ಯದ ರಾಗವೆನ್ನುತ್ತಾರೆ, ತೀರ್ಥಹಳ್ಳಿಯವರೂ ಹಾಗೆಯೇ ಅನ್ನುತ್ತಾರೆ. ಯಾರೂ ಅನುವಾದ ಕೇಳಲಿಲ್ಲ. ಶಂಕರ್‌ನಾಗ್ ತೆಗೆದದ್ದು 39 ಕಂತು. ಒಂದೊಂದೂ ಸುಮಾರು 22 ನಿಮಿಷ. ಆ ಕಂತುಗಳ ಕಥೆ ಒಂದೊಂದಾಗಿ ಮಸುಕಾದರೂ ಮೊದಲ ಅರ್ಧ ನಿಮಿಷದ ಸಂಗೀತ ಮಸುಕಾಗಿಲ್ಲ. ಟೀವಿ ಹೋಗಿ ಮೊಬೈಲು ಬಂದಾಗ ಅದು ಜೇಬಿನೊಳಗೆ ರಿಂಗ್‌ಟೋನ್ ಆಗಿ ಕುಳಿತುಕೊಂಡಿತು.

ಅದೇ ಜೋಡಿ 1987ರಲ್ಲಿ 'ಒಂದು ಮುತ್ತಿನ ಕಥೆ'ಗಾಗಿ ಮತ್ತೆ ಕೂಡಿತು. ಸ್ಟೈನ್‌ಬೆಕ್‌ನ 'ದ ಪರ್ಲ್' ಕಾದಂಬರಿಯ ಎಳೆ ಹಿಡಿದ ಈ ಚಿತ್ರದ ನಾಯಕ ಡಾ. ರಾಜ್‌ಕುಮಾರ್. ಶಂಕರ್‌ನಾಗ್ ರಾಜ್‌ಕುಮಾರ್ ಅವರನ್ನು ನಿರ್ದೇಶಿಸಿದ್ದು ಇದೊಂದರಲ್ಲೇ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನ ಅಪಘಾತದಲ್ಲಿ ಶಂಕರ್‌ನಾಗ್ ಹೋದರು. ಈ ಜೋಡಿಯಿಂದ ಇನ್ನೇನು ಬರಬಹುದಿತ್ತೋ, ಅದು ಅಲ್ಲಿಗೇ ನಿಂತಿತು.

ಮಾತಿಲ್ಲದ ಬೆಂಗಳೂರು

ವೈದ್ಯನಾಥನ್‌ಗೆ ಅತಿ ದೊಡ್ಡ ಪರೀಕ್ಷೆ ಒಡ್ಡಿದ್ದು 1987ರ 'ಪುಷ್ಪಕ ವಿಮಾನ'. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ. ಸಿಂಗೀತಂ ಅವರ ಜೊತೆ ಸೇರಿ ನಿರ್ಮಿಸಿದವರು ನಮ್ಮ ಶೃಂಗಾರ್ ನಾಗರಾಜ್. ಕಮಲಹಾಸನ್, ಅಮಲಾ ನಟಿಸಿದ, ಬೆಂಗಳೂರಿನಲ್ಲೇ ನಡೆಯುವ ಕಥೆ. ಕೆಲಸವಿಲ್ಲದ ಯುವಕನೊಬ್ಬ ಕುಡಿದು ಬಿದ್ದ ಶ್ರೀಮಂತನನ್ನು ಬಚ್ಚಿಟ್ಟು, ಅವನ ಪಂಚತಾರಾ ಹೋಟೆಲಿನ ಕೋಣೆ ಸೇರಿಕೊಳ್ಳುತ್ತಾನೆ. ಎರಡು ಗಂಟೆಗೂ ಮೀರಿದ ಚಿತ್ರದಲ್ಲಿ ಒಂದೇ ಒಂದು ಸಂಭಾಷಣೆಯಿಲ್ಲ.

ಇದನ್ನು ಮೂಕಿಚಿತ್ರವೆನ್ನುವುದು ತಪ್ಪು. ಬೀದಿಯ ಗದ್ದಲ, ಬಾಗಿಲ ಸದ್ದು, ಪಕ್ಕದ ಚಿತ್ರಮಂದಿರದ ಅಬ್ಬರ ಎಲ್ಲ ಕೇಳುತ್ತವೆ. ಪಾತ್ರಗಳು ಮಾತಾಡುವುದಿಲ್ಲ, ಅಷ್ಟೇ. ಅದರಲ್ಲೊಂದು ಪ್ರಸಂಗ ನೆನಪಿಸಿಕೊಳ್ಳಿ. ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ನಾಯಕನಿಗೆ ನಿದ್ದೆ ಬರುವುದಿಲ್ಲ. ಚಿತ್ರಮಂದಿರದ ಪಕ್ಕದ ಕೋಣೆಯಲ್ಲಿ ಹೊಡೆದಾಟದ ಸದ್ದು ಕೇಳುತ್ತ ಮಲಗಿ ಅಭ್ಯಾಸ. ಕೊನೆಗೆ ಹೋಗಿ ಆ ಗದ್ದಲವನ್ನೇ ಟೇಪಿನಲ್ಲಿ ತುಂಬಿಕೊಂಡು ಬಂದು, ಅದನ್ನು ಹಾಕಿಕೊಂಡು ನೆಮ್ಮದಿಯಾಗಿ ನಿದ್ರಿಸುತ್ತಾನೆ! ಸದ್ದಿನ ಬೆಲೆ ಬಲ್ಲವರು ಮಾತ್ರ ತೆಗೆಯಬಲ್ಲ ದೃಶ್ಯ ಅದು.

ಇಂಥ ಚಿತ್ರದಲ್ಲಿ ಹಿನ್ನೆಲೆ ಸಂಗೀತಗಾರನ ಪಾಡೇನು? ಬೇರೆ ಚಿತ್ರಗಳಲ್ಲಿ ಮಾತು ಮುಂದೆ, ಸಂಗೀತ ಹಿಂದೆ. ಸಂಗೀತ ಸ್ವಲ್ಪ ಸೋತರೂ ಮಾತು ಕೈ ಹಿಡಿಯುತ್ತದೆ. ಇಲ್ಲಿ ಅಂಥ ಆಸರೆಯಿಲ್ಲ. ಹುಡುಗನ ಹಸಿವು, ಹುಡುಗಿಯ ತುಂಟತನ, ಮಂಜುಗಡ್ಡೆಯ ಚೂರಿ ಹಿಡಿದು ಬರುವ ಕೊಲೆಗಡುಕನ ಪೆದ್ದುತನ, ಇವನ್ನೆಲ್ಲ ನಟನ ಮುಖದ ಜೊತೆ ಸಂಗೀತವೇ ಹೇಳಬೇಕು. ಹಾಗೆಂದು ಎಡೆಬಿಡದೆ ನುಡಿಸಿದರೆ ಪ್ರೇಕ್ಷಕ ಬೇಸತ್ತು ಎದ್ದುಹೋಗುತ್ತಾನೆ. ವೈದ್ಯನಾಥನ್ ಬೇಕಾದಲ್ಲಿ ನುಡಿಸಿದರು, ಬೇಡದಲ್ಲಿ ಕೈ ಕಟ್ಟಿ ಕುಳಿತರು. ಕೊನೆಯಲ್ಲಿ ಹುಡುಗಿ ಗುಲಾಬಿಗೆ ಸುತ್ತಿ ಎಸೆದ ಚೀಟಿ ಗಾಳಿಗೆ ಹಾರಿಹೋಗುತ್ತದೆ. ಚಿತ್ರದುದ್ದಕ್ಕೂ ಇಲ್ಲದ ಮಾತು ಆ ಚೀಟಿಯಲ್ಲಿತ್ತು, ಅದೂ ದಕ್ಕುವುದಿಲ್ಲ. ನಾಯಕ ಮತ್ತೆ ಕೆಲಸ ಹುಡುಕುವವರ ಸಾಲಿನಲ್ಲಿ ನಿಲ್ಲುತ್ತಾನೆ. ಕಣ್ಣು ಒದ್ದೆಯಾಗದೆ ಅದನ್ನು ನೋಡಿ ಎದ್ದವರು ಕಡಿಮೆ.

ಕನ್ನಡದಲ್ಲಿ 'ಪುಷ್ಪಕ ವಿಮಾನ', ತಮಿಳಿನಲ್ಲಿ 'ಪೇಸುಂ ಪಡಂ', ಹಿಂದಿಯಲ್ಲಿ 'ಪುಷ್ಪಕ್'. ಬದಲಾದದ್ದು ಹೆಸರು ಮಾತ್ರ. ಒಂದು ಮಾತನ್ನೂ ಡಬ್ ಮಾಡದೆ ಚಿತ್ರ ದೇಶವನ್ನೆಲ್ಲ ಸುತ್ತಿತು.

ಬರದೆ ಹೋದ ಪ್ರಶಸ್ತಿ

ಇಷ್ಟೆಲ್ಲ ಮಾಡಿದವರ ಹೆಸರು ಏಕೆ ಜನರ ಬಾಯಲ್ಲಿಲ್ಲ? ಕಾರಣ ಸರಳ. ಆ ದಿನಗಳಲ್ಲಿ ಸಿನಿಮಾ ಸಂಗೀತವೆಂದರೆ ಹಾಡು. ಗ್ರಾಮೊಫೋನ್ ರೆಕಾರ್ಡಾಗಿ, ಕ್ಯಾಸೆಟ್ಟಾಗಿ ಮಾರಾಟವಾಗುತ್ತಿದ್ದದ್ದು ಹಾಡು. ರೇಡಿಯೋದಲ್ಲಿ ಗಾಯಕರ ಹೆಸರು, ಸಂಗೀತ ನಿರ್ದೇಶಕರ ಹೆಸರು ಹೇಳಿ ಹಾಕುತ್ತಿದ್ದದ್ದೂ ಹಾಡನ್ನೇ. ಹಿನ್ನೆಲೆ ಸಂಗೀತಕ್ಕೆ ರೆಕಾರ್ಡಿಲ್ಲ, ಕೋರಿಕೆಯ ಪತ್ರವಿಲ್ಲ. ಚಿತ್ರ ಮುಗಿದರೆ ಅದೂ ಮುಗಿಯಿತು.

ಸರ್ಕಾರದ ಲೆಕ್ಕವೂ ಇದಕ್ಕಿಂತ ಬೇರೆಯಿರಲಿಲ್ಲ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಹಾಡಿಗೆ ಬೇರೆ, ಹಿನ್ನೆಲೆ ಸಂಗೀತಕ್ಕೆ ಬೇರೆ ಎಂದು ನಿಯಮಿತವಾಗಿ ಎರಡು ಪ್ರಶಸ್ತಿ ಕೊಡಲು ಶುರು ಮಾಡಿದ್ದು 2009ನೇ ಸಾಲಿನಿಂದ. ಆ ವರ್ಷ ಹಿನ್ನೆಲೆ ಸಂಗೀತದ ಪ್ರಶಸ್ತಿ ಪಡೆದವರು ಇಳಯರಾಜ, ಅದೇ ವೆಂಕಟೇಶರ ಗರಡಿಯವರು. ಅದನ್ನು ನೋಡಲು ವೈದ್ಯನಾಥನ್ ಇರಲಿಲ್ಲ. ಎರಡು ವರ್ಷ ಮುಂಚೆ, 2007ರ ಮೇ 19ರಂದು ಚೆನ್ನೈಯಲ್ಲಿ ತೀರಿಕೊಂಡಿದ್ದರು. ಅವರಿಗೆ 65 ವರ್ಷವಾಗಿತ್ತು. ತಮಿಳುನಾಡು ಸರ್ಕಾರ ಕಲೈಮಾಮಣಿ ಕೊಟ್ಟು ಗೌರವಿಸಿತ್ತು. ಕನ್ನಡದ ನೆಲದಲ್ಲಿ ಹುಟ್ಟಿದ ಅವರ ಎರಡು ದೊಡ್ಡ ಕೆಲಸಗಳಿಗೆ ನಾವು ಕೊಟ್ಟದ್ದು ಹೆಚ್ಚೇನಿಲ್ಲ. ಗುನುಗಿದೆವು, ಅಷ್ಟೇ.

ಹಾಗಾದರೆ ತಂದೆಯ ಕನಸು ಹಿರಿಯ ಮಗನ ಪಾಲಿಗೆ ಕೈಗೂಡಲಿಲ್ಲವೇ? ಲಕ್ಷ್ಮೀನಾರಾಯಣ ಅಯ್ಯರ್ ಅವರಿಗೆ ಬೇಕಾಗಿದ್ದದ್ದು ಏನು? ಸಾಹಿತ್ಯದ ಹಂಗಿಲ್ಲದೆ, ಹಾಡುವವರ ಬೆನ್ನು ಹಿಡಿಯದೆ, ಸ್ವರ ತಾನೇ ಸಭೆಯನ್ನು ಹಿಡಿದು ನಿಲ್ಲಿಸಬೇಕು ಎಂಬುದು ತಾನೆ? ಕಿರಿಯ ಇಬ್ಬರೂ ಅದನ್ನು ಲೋಕದ ದೊಡ್ಡ ಸಭಾಂಗಣಗಳಲ್ಲಿ ಮಾಡಿ ತೋರಿಸಿದರು. ಹಿರಿಯರು ಮಾಡಿದ ಜಾಗ ಬೇರೆ. ಸಭಾಂಗಣದ ಟಿಕೀಟು ಕೊಳ್ಳಲಾಗದವರ ಪಡಸಾಲೆಯಲ್ಲಿ, ಕಪ್ಪುಬಿಳುಪು ಟೀವಿಯ ಮುಂದೆ ಚಾಪೆ ಹಾಸಿ ಕುಳಿತ ಮಕ್ಕಳ ಮುಂದೆ. ಅಲ್ಲಿಯೂ ಸಾಹಿತ್ಯವಿರಲಿಲ್ಲ. ಅಲ್ಲಿಯೂ ಸಭೆ ಕದಲಲಿಲ್ಲ.

ಇನ್ನೊಮ್ಮೆ 'ಮಾಲ್ಗುಡಿ ಡೇಸ್' ನೋಡುವ ಸಂದರ್ಭ ಬಂದರೆ ಒಂದು ಕೆಲಸ ಮಾಡಿ. ಲಕ್ಷ್ಮಣರ ಗೆರೆಗಳು ಸರಿದುಹೋಗುವಾಗ ರಾಗದ ಜೊತೆ ನೀವೂ ಗುನುಗಿ, ಬೇಡವೆನ್ನುವುದಿಲ್ಲ. ಆದರೆ ಕಣ್ಣನ್ನು ಅಕ್ಷರಗಳ ಮೇಲಿಡಿ. ಸಂಗೀತ ಎಂಬಲ್ಲಿ ಒಂದು ಹೆಸರು ಬರುತ್ತದೆ. ಅದನ್ನು ಪಕ್ಕದಲ್ಲಿ ಕುಳಿತ ಮಕ್ಕಳಿಗೂ ಓದಿ ಹೇಳಿ.